ತುಟ್ಟಿಭತ್ಯೆಯೂ ಅಂಗವಿಕಲರ ಮಾಸಾಶನವೂ
(ಅರಭಾವಿಯಲ್ಲಿ ಮಾಡಿದ ಭಾಷಣ)



ತುಟ್ಟಿಭತ್ಯೆ ಎಂದರೇನೆಂಬುದನ್ನು ಗೋಕಾಕ ಫಾಲ್ಸಿನ ಗಿರಣಿಯಲ್ಲಿ ದುಡಿದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಜೋಳ, ಬೇಳೆ, ಎಣ್ಣೆ, ಮನೆಬಾಡಿಗೆ ಏರಿದರೆ ಬೆಲೆ ಸೂಚ್ಯಂಕ ಏರುತ್ತದೆ. ಅದರ ಬೆನ್ನಿಗೆ ಭತ್ಯೆಯೂ ಏರಬೇಕು. ಕಾಮಗಾರರ ಸೂಚ್ಯಂಕಕ್ಕೆ ಬೆಲೆ ಕೂಡಿಸುವ ಕೇಂದ್ರಗಳಲ್ಲಿ ನಮ್ಮ ಬೆಳಗಾವಿಯೂ ಒಂದು.

ಆದರೆ ಯಂತ್ರಕ್ಕೆ ಕೈ ಸಿಕ್ಕರೆ ಗತಿಯೇನು? 1948ರ ಕಾಮಗಾರರ ರಾಜ್ಯ ವಿಮಾ ಕಾಯಿದೆ ಒಂದು ಹಕ್ಕು ಕೊಟ್ಟಿತು. ಕೆಲಸದಲ್ಲಿ ಗಾಯಗೊಂಡು ಮನೆಯಲ್ಲಿ ಕೂತ ವಿಮಾದಾರನಿಗೆ ಪಗಾರದ ನೂರಕ್ಕೆ 90 ಪಾಲು. ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತನ್ನು ಅದು ಹಾಕಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ವಿಮೆಯನ್ನು ಉಳಿಸಿಕೊಂಡಿದೆ. ಆದುದರಿಂದ ಗಾಯ ಸಣ್ಣದೆಂದು ಸುಮ್ಮನಿರಬೇಡಿರಿ. ಅಂದೇ ಅಪಘಾತದ ಪುಸ್ತಕದಲ್ಲಿ ಬರೆಯಿಸಿರಿ.

ಸ್ವಂತ ಅಂಗಡಿಯವನಿಗೆ ಈ ವಿಮೆ ಇಲ್ಲ. ಕಾಲು ಹೋದರೆ ಅವನು ಮಾಸಾಶನಕ್ಕೇ ಕೈಯೊಡ್ಡಬೇಕು. 2016ರ ಕಾಯಿದೆ ಸವಲತ್ತುಗಳಿಗೆ ನೂರಕ್ಕೆ 40ರ ಊನವನ್ನು ಗಡಿಯೆಂದಿತು. ಕೇಂದ್ರದ ಮಾಸಾಶನಕ್ಕೋ 80 ಬೇಕು, ಜೊತೆಗೆ ಬಡತನದ ರೇಖೆಯ ಕೆಳಗಿರಬೇಕು. 70 ಎಂದು ವೈದ್ಯರು ಬರೆದರೆ ಆ ಬಾಗಿಲು ಮುಚ್ಚಿತು. ಬಾಗಿಲು ತೆರೆದರೂ ಸಿಗುವುದೆಷ್ಟು? 2012ರಲ್ಲಿ ಕೇಂದ್ರದ ಪಾಲು 300 ರೂಪಾಯಿ ಆಯಿತು; ಹನ್ನೆರಡು ವರ್ಷ ಕಳೆದರೂ ಅಲ್ಲಿಯೇ ನಿಂತಿತ್ತು. ರಾಜ್ಯ ತನ್ನ ಪಾಲು ಸೇರಿಸುತ್ತದೆ, ನಿಜ. ಆದರೆ ಅದೂ ಸೂಚ್ಯಂಕದ ಜೊತೆ ತಾನಾಗಿ ಏರುವುದಿಲ್ಲ.

ಕಾಲಿಲ್ಲದವನಿಗೆ ಸಂತೆಯಲ್ಲಿ ಜೋಳ ಅಗ್ಗವೇ? ದುಡಿಯುವವನ ಪಗಾರಕ್ಕೆ ಒಪ್ಪಿದ ನ್ಯಾಯ ದುಡಿಯಲಾರದವನ ಮಾಸಾಶನಕ್ಕೂ ಒಪ್ಪಬೇಕು. ಮಾಸಾಶನವನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿರಿ! ಇದು ದಾನದ ಬೇಡಿಕೆಯಲ್ಲ, ಹಕ್ಕಿನ ಬೇಡಿಕೆ.