ಸಂಕರಣ ರೈ ಧಾನ್ಯ ಮತ್ತು ಹಂದಿಯ ಆಹಾರ
(ಹಂದಿ ಸಾಕಣೆ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಇಂದು ನಾನು ಹೇಳಲಿರುವುದು ನಮ್ಮ ಹೊಲದ ಬೆಳೆಯ ವಿಷಯವಲ್ಲ. ರೈ ಎಂಬುದು ಗೋಧಿಗೆ ಹತ್ತಿರದ, ಚಳಿನಾಡಿನ ಧಾನ್ಯ. (ಉತ್ತರ ಭಾರತದವರು ಸಾಸಿವೆಯನ್ನು ರಾಯಿ ಎನ್ನುತ್ತಾರೆ, ಇದು ಅದಲ್ಲ.) ಜರ್ಮನಿ, ಪೋಲೆಂಡುಗಳಲ್ಲಿ ಗೋಧಿ ಸರಿಯಾಗಿ ಬಾರದ ಮರಳು ಭೂಮಿಯಲ್ಲಿ ಇದನ್ನು ಸೆಪ್ಟೆಂಬರ್ ಸುಮಾರಿಗೆ ಬಿತ್ತಿ, ಮರುವರ್ಷ ಜುಲೈ–ಆಗಸ್ಟ್‌ನಲ್ಲಿ ಕೊಯ್ಯುತ್ತಾರೆ. ನಡುವಿನ ಚಳಿ ತಾಗದೆ ಅದು ಸರಿಯಾಗಿ ತೆನೆಗೆ ಬರುವುದಿಲ್ಲ. ಆದ್ದರಿಂದ ಬೀಜ ಎಲ್ಲಿ ಸಿಗುತ್ತದೆ ಎಂದು ಯಾರೂ ವಿಚಾರಿಸಬೇಕಾಗಿಲ್ಲ. ಆದರೆ ಅಲ್ಲಿನ ರೈತರು ಇದನ್ನು ಹಂದಿಗೆ ಹಾಕಲು ಕಲಿತ ರೀತಿಯಲ್ಲಿ, ಸಜ್ಜೆ ಹಾಕಿ ಹಂದಿ ಸಾಕುವ ನಮ್ಮವರು ತಿಳಿಯಬೇಕಾದ ಒಂದು ಮಾತಿದೆ.

ರೈ ಗಾಳಿಯಿಂದ ಪರಾಗ ಪಡೆಯುವ ಬೆಳೆ. 1970ರಲ್ಲಿ ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗೆ ಅರ್ಜೆಂಟೀನಾ ಮೂಲದ ರೈಯಲ್ಲಿ ಪರಾಗ ಕಟ್ಟದ ಗಿಡಗಳು ದೊರೆತವು. ಅವನ್ನು ಹೆಣ್ಣುಸಾಲಾಗಿ ಬಳಸಿ ಬೆಳೆಸಿದ ಮೊದಲ ಸಂಕರಣ ತಳಿಗಳು 1984ರಲ್ಲಿ ಬಿಡುಗಡೆಯಾದವು. ನಮ್ಮಲ್ಲಿ ಸಿ.ಎಸ್.ಎಚ್.-1 ಜೋಳದ ಬೀಜೋತ್ಪಾದನೆ ಕಂಡವರಿಗೆ ಈ ವಿಧಾನ ಹೊಸದಲ್ಲ. ಇಳುವರಿ ಹಳೆಯ ತಳಿಗಳಿಗಿಂತ ಶೇಕಡಾ 10ರಿಂದ 20ರಷ್ಟು ಹೆಚ್ಚು. ಬೀಜವನ್ನು ಮಾತ್ರ ಪ್ರತಿವರ್ಷ ಹೊಸದಾಗಿ ಕೊಳ್ಳಬೇಕು.

ಆಹಾರವಾಗಿ ನೋಡಿದರೆ ರೈ ಮುಸುಕಿನ ಜೋಳಕ್ಕಿಂತ ಶಕ್ತಿಯಲ್ಲಿ ಸ್ವಲ್ಪ ಕಡಿಮೆ, ಲೈಸಿನ್ ಅಂಶದಲ್ಲಿ ಮೇಲು. ರಂಜಕವೂ ಹಂದಿಗೆ ಹೆಚ್ಚು ದಕ್ಕುತ್ತದೆ. ಇದರಲ್ಲಿರುವ ಒಂದು ಬಗೆಯ ನಾರು ನೀರು ಕುಡಿದು ಅಂಟಾಗುವುದರಿಂದ ಕೋಳಿಮರಿಗೆ ಒಗ್ಗದು. ಬೆಳೆದ ಹಂದಿ ಅದನ್ನು ತಡೆದುಕೊಳ್ಳುತ್ತದೆ. ಜರ್ಮನಿಯಲ್ಲಿ ಸಣ್ಣ ಮರಿಗಳಿಗೆ ಸ್ವಲ್ಪವೇ ಕೊಟ್ಟು, ಬೆಳೆದಂತೆ ಹೆಚ್ಚಿಸಿ, ಕೊಬ್ಬಿಸುವ ಹಂದಿಯ ಮಿಶ್ರಣದಲ್ಲಿ ಅರ್ಧದವರೆಗೂ ರೈ ಸೇರಿಸುತ್ತಾರೆ. ಹಿಂಡಿ ಮತ್ತು ಖನಿಜ ಮಿಶ್ರಣ ಹೇಗೂ ಬೇಕೇ ಬೇಕು.

ಇಷ್ಟು ಒಳ್ಳೆಯ ಧಾನ್ಯಕ್ಕೆ ಹಂದಿ ಸಾಕುವವರು ಬಹುಕಾಲ ಏಕೆ ಹೆದರಿದರು? ಮುಖ್ಯ ಕಾರಣ ಎರ್ಗಾಟ್ ಶಿಲೀಂಧ್ರ. ಪರಾಗ ಸಿಗದ ಹೂವು ಬಾಯಿ ತೆರೆದೇ ಇರುತ್ತದೆ. ಅದರೊಳಗೆ ಈ ಶಿಲೀಂಧ್ರ ಸೇರಿ, ಮೊದಲು ಜೇನಿನಂಥ ಅಂಟು ದ್ರವ ಸುರಿಸಿ, ಕೊನೆಗೆ ಕಾಳಿನ ಜಾಗದಲ್ಲಿ ಕಪ್ಪು-ನೇರಳೆ ಬಣ್ಣದ ಗಟ್ಟಿ ಕೊಂಬನ್ನು ಕಟ್ಟುತ್ತದೆ. ಸಂಕರಣ ತಳಿಗಳು ಬಂದಾಗ ತೊಂದರೆ ಹೆಚ್ಚಿತು, ಏಕೆಂದರೆ ಅವುಗಳಲ್ಲಿ ಪರಾಗ ಸಾಲದು. ಅದಕ್ಕಾಗಿ ಸಂಕರಣ ಬೀಜಕ್ಕೆ ಶೇಕಡಾ 10ರಷ್ಟು ಹಳೆಯ ತಳಿಯ ಬೀಜ ಬೆರೆಸಿ ಮಾರಿದರು. ಆಮೇಲೆ ಇರಾನಿನ ನಾಡತಳಿಗಳಿಂದ ಪರಾಗ ಮರಳಿಸುವ ಗುಣವನ್ನು ತಂದು ಸೇರಿಸಿದ ಮೇಲೆ ರೋಗ ತಗ್ಗಿತು. ತಗ್ಗಿತು ಎಂದೆ, ಹೋಯಿತು ಎನ್ನಲಿಲ್ಲ. ಹೂ ಬಿಡುವಾಗ ಮಳೆ, ತಂಪು ಇದ್ದರೆ ಇಂದಿಗೂ ಬರುತ್ತದೆ. ಹೊಲದ ಅಂಚಿನಲ್ಲಿ, ತಡವಾಗಿ ಹೊಡೆದ ತೆಂಡೆಗಳಲ್ಲಿ ಹೆಚ್ಚು. ಆದ್ದರಿಂದ ಜಾಣ ರೈತರು ಅಂಚಿನ ಬೆಳೆಯನ್ನು ಬೇರೆಯಾಗಿಯೇ ಕೊಯ್ಯುತ್ತಾರೆ. ಐರೋಪ್ಯ ಒಕ್ಕೂಟದ ನಿಯಮದಂತೆ ಪಶು ಆಹಾರದ ಧಾನ್ಯದಲ್ಲಿ ರೈ ಎರ್ಗಾಟ್ ಕಿಲೋಗೆ 1 ಗ್ರಾಂ ಮೀರಬಾರದು.

ಈ ವಿಷದ ಪೆಟ್ಟು ಜೋರಾಗಿ ಬೀಳುವುದು ತಾಯಿ ಹಂದಿಗೆ. ಹಾಲು ಇಳಿಸುವ ಪ್ರೊಲ್ಯಾಕ್ಟಿನ್ ರಸವನ್ನೇ ಅದು ಅಡಗಿಸುತ್ತದೆ. ಈದ ಹಂದಿಯ ಕೆಚ್ಚಲು ತುಂಬುವುದಿಲ್ಲ. ಹುಟ್ಟುವಾಗ ಚೆನ್ನಾಗಿದ್ದ ಮರಿಗಳೂ ಹಸಿದು ಸಾಯುತ್ತವೆ.

ನಮ್ಮ ಸಜ್ಜೆಗೆ ಬರುವ ಜೋನಿ ರೋಗ ಇದೇ ಕುಲದ ಮತ್ತೊಂದು ಶಿಲೀಂಧ್ರದಿಂದ. ಅಂದಿನ ದಕ್ಷಿಣ ರೊಡೇಷಿಯಾದಲ್ಲಿ, ಅಂದರೆ ಇಂದಿನ ಜಿಂಬಾಬ್ವೆಯಲ್ಲಿ, ಇಂಥ ಸಜ್ಜೆ ತಿಂದ ತಾಯಿ ಹಂದಿಗಳ ಹಾಲು ನಿಂತುದನ್ನು ಪಶುವೈದ್ಯರು 1959ರಲ್ಲಿಯೇ ವರದಿ ಮಾಡಿದ್ದಾರೆ. ಬಿತ್ತನೆ ಬೀಜವನ್ನು ಉಪ್ಪುನೀರಿಗೆ ಹಾಕಿ, ತೇಲಿದ ಕೊಂಬುಗಳನ್ನು ತೆಗೆಯುವುದು ನಿಮಗೆ ಗೊತ್ತೇ ಇದೆ. ಆದರೆ ಬೀಜಕ್ಕೆ ಬೇಡವೆಂದು ಬಿಟ್ಟ ಕಪ್ಪುಕಾಳು ಕೊನೆಗೆ ಹಂದಿಯ ಗೋದಲಿಗೇ ಬೀಳುವುದುಂಟು. ಅದನ್ನು ಸುಡಬೇಕು ಇಲ್ಲವೆ ಆಳವಾಗಿ ಹೂಳಬೇಕು. ಗಬ್ಬದ ಹಂದಿಗೆ ಸಜ್ಜೆ ಹಾಕುವವರು ಒಂದು ಹಿಡಿ ಕಾಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ ನೋಡಲಿ. ಕೊಂಬು ಕಂಡರೆ ಆ ಚೀಲ ಬೇಡ. ಜ್ವರವಿಲ್ಲ, ಕೆಚ್ಚಲು ಬಾತಿಲ್ಲ, ಆದರೂ ಹಾಲಿಲ್ಲ ಎಂದಾದರೆ ಕೂಡಲೇ ಧಾನ್ಯ ಬದಲಿಸಿ, ಪಶುವೈದ್ಯರಿಗೆ ತೋರಿಸಿ, ಅವರು ಬರುವವರೆಗೆ ಮರಿಗಳಿಗೆ ಬೇರೆ ತಾಯಿಯ ಹಾಲು ಸಿಗುವಂತೆ ನೋಡಿಕೊಳ್ಳಿ.