ನೋಡುವವರ ಕೈಯಲ್ಲಿರುವ ಹಗ್ಗ



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ನಮಗೆ ನೀರೆಂದರೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ. ಕಡಲು ಬಹಳ ದೂರ. ಆದರೂ ಇವತ್ತು ಓರ್ಕಾ ಎಂಬ ಕಡಲಪ್ರಾಣಿಯ ಸುದ್ದಿ ಎತ್ತಿಕೊಂಡಿದ್ದೇನೆ. ಅದನ್ನು ತೊಟ್ಟಿಯಲ್ಲಿ ಕೂಡಿಹಾಕಿ ಆಟ ಆಡಿಸುವುದು ಸರಿಯೇ ಎಂದು ಪರದೇಶಗಳಲ್ಲಿ ದಶಕಗಳಿಂದ ವಾದ ನಡೆದಿದೆ. ಅದೇ ಪ್ರಶ್ನೆ ಒಂದು ಕಾಲಕ್ಕೆ ನಮ್ಮ ಸಂತೆ, ಜಾತ್ರೆಗಳಲ್ಲೂ ಎದುರಿಗೇ ನಿಂತಿತ್ತು. ನಾವು ಕೇಳಿಕೊಳ್ಳಲಿಲ್ಲ, ಅಷ್ಟೇ.

ಮೊದಲು ಓರ್ಕಾ ಎಂದರೆ ಏನು ನೋಡೋಣ. ಕಪ್ಪು ಮೈ, ಬಿಳಿ ಹೊಟ್ಟೆ, ಕಣ್ಣಿನ ಹಿಂದೆ ಬಿಳಿ ಪಟ್ಟೆ. ಕೊಲೆಗಾರ ತಿಮಿಂಗಿಲ ಎಂದು ಹೆಸರು ಬಿದ್ದಿದ್ದರೂ ಇದು ಡಾಲ್ಫಿನ್ ಕುಟುಂಬದ್ದು, ಆ ಕುಟುಂಬದಲ್ಲೇ ಎಲ್ಲಕ್ಕಿಂತ ದೊಡ್ಡದು. ದೊಡ್ಡ ಗಂಡು ಓರ್ಕಾ ಎಂಟು ಮೀಟರಿಗೂ ಉದ್ದ, ಆರು ಟನ್ ತೂಕ ಇರಬಲ್ಲದು. ಒಂದೇ ದಿನದಲ್ಲಿ ನೂರು ಕಿಲೋಮೀಟರ್ ಈಜಬಲ್ಲದು. ಇವುಗಳ ಸಂಸಾರಕ್ಕೆ ತಾಯಿಯೇ ಯಜಮಾನಿ. ಕೆಲವು ಕಡಲುಗಳಲ್ಲಿ ಗಂಡುಮಕ್ಕಳು ದೊಡ್ಡವರಾದ ಮೇಲೂ ತಾಯಿಯ ಬೆನ್ನು ಬಿಡುವುದಿಲ್ಲ. ಒಂದೊಂದು ಬಳಗದ ಕೂಗಿಗೂ ಬೇರೆಯದೇ ಧಾಟಿಯಿದೆ. ಮರಿಗಳು ಅದನ್ನು ಹಿರಿಯರಿಂದ ಕಲಿಯುತ್ತವೆ.

ಇಂಥ ಪ್ರಾಣಿಯನ್ನು 1960ರ ದಶಕದಲ್ಲಿ ಹಿಡಿದು ತಂದು ಪ್ರದರ್ಶನಕ್ಕೆ ಇಡಲು ಶುರುಮಾಡಿದರು. 1970ರ ಆಗಸ್ಟ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೆನ್ ಕೋವ್ ಎಂಬ ಕೊಲ್ಲಿಗೆ ಓರ್ಕಾ ಹಿಂಡನ್ನು ಅಟ್ಟಿಸಿಕೊಂಡು ಬಂದು, ಬಲೆ ಹಾಕಿ, ಮರಿಗಳನ್ನು ತಾಯಂದಿರಿಂದ ಬೇರೆ ಮಾಡಿದರು. ಹಾಗೆ ಸಿಕ್ಕ ಒಂದು ಹೆಣ್ಣುಮರಿಗೆ ಟೋಕಿಟೇ ಎಂದು ಹೆಸರಿಟ್ಟು, ಆಮೇಲೆ ಲೋಲಿಟಾ ಎಂಬ ಹೆಸರಲ್ಲಿ ಮಯಾಮಿಯ ಸೀಕ್ವೇರಿಯಂ ಎಂಬ ಪ್ರದರ್ಶನ ಕೇಂದ್ರದಲ್ಲಿ ಆಡಿಸಿದರು. ಅದರ ತೊಟ್ಟಿ 80 ಅಡಿ ಉದ್ದ, 35 ಅಡಿ ಅಗಲ, ಆಳವಾದ ಕಡೆ 20 ಅಡಿ. ನಮ್ಮ ಹೊಲಗಳಲ್ಲಿ ತೆಗೆಸಿರುವ ಕೃಷಿ ಹೊಂಡವನ್ನು ಕಣ್ಣ ಮುಂದೆ ತಂದುಕೊಳ್ಳಿ. ಎಷ್ಟೋ ಹೊಂಡಗಳು ಇದಕ್ಕಿಂತ ಅಗಲವಾಗಿರುತ್ತವೆ. ಜೊತೆಗಿದ್ದ ಹ್ಯೂಗೋ ಎಂಬ ಗಂಡು ಓರ್ಕಾ 1980ರಲ್ಲಿ ಸತ್ತಿತು. ಅಲ್ಲಿಂದ ಮುಂದೆ ತನ್ನ ಜಾತಿಯ ಇನ್ನೊಂದು ಜೀವವನ್ನು ಕಾಣದೆ, 2023ರ ಆಗಸ್ಟ್‌ನಲ್ಲಿ ಲೋಲಿಟಾ ಕೂಡ ತೀರಿಕೊಂಡಿತು.

ಇನ್ನೊಂದು ಹೆಸರು ಟಿಲಿಕಮ್. 1983ರಲ್ಲಿ ಐಸ್‌ಲ್ಯಾಂಡಿನ ಕಡಲಲ್ಲಿ ಹಿಡಿದ ಗಂಡುಮರಿ. ತೊಟ್ಟಿಯ ಬದುಕಿನಲ್ಲಿ ಅದು ಮೂವರ ಸಾವಿಗೆ ಕಾರಣವಾಯಿತು; ಕೊನೆಯವರು 2010ರಲ್ಲಿ ತೀರಿಕೊಂಡ ಅನುಭವಿ ತರಬೇತಿದಾರೆ ಡಾನ್ ಬ್ರಾಂಚೋ. ತೆರೆದ ಕಡಲಿನಲ್ಲಿ ಓರ್ಕಾ ಮನುಷ್ಯನನ್ನು ಕೊಂದ ದಾಖಲೆ ಒಂದೂ ಇಲ್ಲ. 2013ರಲ್ಲಿ ಈ ಕತೆಯ ಮೇಲೆ ಬ್ಲ್ಯಾಕ್‌ಫಿಶ್ ಎಂಬ ಸಾಕ್ಷ್ಯಚಿತ್ರ ಬಂತು. ಜನ ಟಿಕೆಟ್ ಕೊಳ್ಳುವ ಮುನ್ನ ಯೋಚಿಸತೊಡಗಿದರು. 2016ರಲ್ಲಿ ಟಿಲಿಕಮ್ ಅನ್ನು ಇಟ್ಟುಕೊಂಡಿದ್ದ ಸೀವರ್ಲ್ಡ್ ಕಂಪನಿ ಓರ್ಕಾಗಳ ಸಂತಾನ ಬೆಳೆಸುವುದನ್ನು ನಿಲ್ಲಿಸುವುದಾಗಿ ಸಾರಿತು.

ಓರ್ಕಾಗಳನ್ನು ಇಟ್ಟುಕೊಂಡವರ ವಾದವನ್ನೂ ಕೇಳಬೇಕು. ನಾವು ಹೊತ್ತಿಗೆ ಸರಿಯಾಗಿ ಮೀನು ಹಾಕುತ್ತೇವೆ, ಡಾಕ್ಟರು ನೋಡಿಕೊಳ್ಳುತ್ತಾರೆ, ಕಣ್ಣಾರೆ ಕಂಡ ಮಕ್ಕಳಿಗೆ ಪ್ರಾಣಿಗಳ ಮೇಲೆ ಪ್ರೀತಿ ಹುಟ್ಟುತ್ತದೆ ಎನ್ನುತ್ತಾರೆ ಅವರು. ಇದರಲ್ಲಿ ಸತ್ಯದ ಪಾಲೂ ಇದೆ. ಮೊದಲು ಮೀನುಗಾರರು ಓರ್ಕಾ ಕಂಡರೆ ಗುಂಡು ಹಾರಿಸುತ್ತಿದ್ದರು. ಹತ್ತಿರದಿಂದ ನೋಡಿದ ಮೇಲೆಯೇ ಜನರಿಗಿದ್ದ ಭಯ ಕರಗಿತು. ಆದರೆ ಭಯ ಕರಗಿದ ಮೇಲೂ ತೊಟ್ಟಿ ಉಳಿಯಿತು. ಅದಕ್ಕೆ ಕಾರಣ ಕಲಿಕೆಯಲ್ಲ, ಗಲ್ಲಾಪೆಟ್ಟಿಗೆ.

ಈಗ ನಮ್ಮ ಕಡೆಗೆ ಬರೋಣ. ಕರಡಿ ಆಡಿಸುವವರು ಓಣಿಗೆ ಬಂದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಡಮರುಗದ ಸದ್ದಿಗೆ ಕರಡಿ ಎರಡು ಕಾಲ ಮೇಲೆ ನಿಲ್ಲುತ್ತಿತ್ತು. ಅಂಜುಬುರುಕ ಕೂಸನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು, ಅದರ ಕೂದಲನ್ನು ತಾಯತಕ್ಕೆ ಕಟ್ಟಿಸುತ್ತಿದ್ದರು. ಆ ಕುಣಿತದ ಹಿಂದಿನ ಸಂಗತಿ ನಮಗೆ ಕಾಣುತ್ತಿರಲಿಲ್ಲ. ತಾಯಿಕರಡಿಯನ್ನು ಕೊಂದು ಮರಿ ಹಿಡಿಯುತ್ತಿದ್ದರು. ಕಾಸಿದ ಕಬ್ಬಿಣದಿಂದ ಮೂತಿಗೆ ತೂತು ಕೊರೆದು ಹಗ್ಗ ಪೋಣಿಸುತ್ತಿದ್ದರು. ಹಲ್ಲು ಮುರಿಯುತ್ತಿದ್ದರು. ಹಗ್ಗ ಜಗ್ಗಿದಾಗ ಆಗುವ ನೋವಿಗೆ ಅದು ಎದ್ದು ನಿಲ್ಲುತ್ತಿತ್ತು. ನಾವು ಅದನ್ನು ಕುಣಿತ ಎಂದು ನಂಬಿ ಕಾಸು ಹಾಕುತ್ತಿದ್ದೆವು.

1972ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದರೂ ಈ ಆಟ ನಿಲ್ಲಲಿಲ್ಲ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಟಕ್ಕೆ ಬಳಸಬಾರದೆಂದು ಅಧಿಸೂಚನೆ ಹೊರಡಿಸಿತು. ಸರ್ಕಸ್ಸಿನವರು ಕೋರ್ಟಿಗೆ ಹೋದರು. 2000ದಲ್ಲಿ ಕೇರಳ ಹೈಕೋರ್ಟು ಆ ನಿಷೇಧವನ್ನು ಎತ್ತಿಹಿಡಿಯಿತು. ಆದರೆ ಕರಡಿಯ ವಿಷಯದಲ್ಲಿ ಕಾಯ್ದೆಯೊಂದೇ ಸಾಲಲಿಲ್ಲ. ಕರಡಿ ಆಡಿಸುತ್ತಿದ್ದ ಖಲಂದರ್ ಕುಟುಂಬಗಳಿಗೆ ಅದೇ ಅನ್ನ. ಆ ಕುಟುಂಬಗಳಿಗೆ ಬೇರೆ ಕಸುಬಿನ ಬಂಡವಾಳ, ಮಕ್ಕಳಿಗೆ ಶಾಲೆ ಎಂದು ವೈಲ್ಡ್‌ಲೈಫ್ ಎಸ್‌ಒಎಸ್ ಮತ್ತಿತರ ಸಂಸ್ಥೆಗಳು ಕೈಜೋಡಿಸಿದ ಮೇಲೆಯೇ ಹಗ್ಗ ಸಡಿಲಾಯಿತು. ದೇಶದ ಕೊನೆಯ ಕುಣಿಯುವ ಕರಡಿ ಎಂದು ಹೆಸರಾದ ರಾಜು 2009ರ ಡಿಸೆಂಬರಿನಲ್ಲಿ ಸೇರಿದ್ದು ನಮ್ಮ ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರವನ್ನು.

ಡಾಲ್ಫಿನ್ ವಿಷಯದಲ್ಲಿ ನಮ್ಮ ದೇಶ ಇಷ್ಟು ತಡಮಾಡಲಿಲ್ಲ. ಕೆಲವು ರಾಜ್ಯಗಳಲ್ಲಿ ಡಾಲ್ಫಿನ್ ಆಟದ ಕೊಳ ಕಟ್ಟುವ ಪ್ರಸ್ತಾವ ಎದ್ದಿತ್ತು. 2013ರ ಮೇ ತಿಂಗಳಲ್ಲಿ ಕೇಂದ್ರದ ಪರಿಸರ ಸಚಿವಾಲಯ ಅಂಥ ಯಾವುದಕ್ಕೂ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಡಾಲ್ಫಿನ್‌ಗಳು ಬಹಳ ಬುದ್ಧಿಯ, ಸೂಕ್ಷ್ಮ ಜೀವಿಗಳು. ಮನುಷ್ಯರಲ್ಲದ ವ್ಯಕ್ತಿಗಳೆಂದೇ ಇವನ್ನು ಕಾಣಬೇಕೆಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಮನರಂಜನೆಗಾಗಿ ಸೆರೆಯಿಡುವುದು ನೀತಿಗೆ ಒಪ್ಪುವುದಿಲ್ಲ ಎಂಬುದು ಆ ಸುತ್ತೋಲೆಯ ತಾತ್ಪರ್ಯ. ಓರ್ಕಾಕ್ಕೂ ಅದೇ ಮಾತು ಅನ್ವಯಿಸುತ್ತದೆ. ಕೆನಡಾ ಇಂಥ ಕಾನೂನು ಮಾಡಿದ್ದು 2019ರಲ್ಲಿ.

ಹಾಗಾದರೆ ಸೆರೆಯಲ್ಲಿರುವ ಎಲ್ಲವನ್ನೂ ನಾಳೆಯೇ ಬಿಟ್ಟುಬಿಡೋಣವೇ? ಅದು ಸುಲಭವಲ್ಲ. ಫ್ರೀ ವಿಲ್ಲಿ ಸಿನಿಮಾದಲ್ಲಿ ನಟಿಸಿದ್ದ ಕೇಕೋ ಎಂಬ ಓರ್ಕಾವನ್ನು ತರಬೇತಿ ಕೊಟ್ಟು 2002ರಲ್ಲಿ ಕಡಲಿಗೆ ಬಿಟ್ಟರು. ಅದು ನಾರ್ವೆಯವರೆಗೆ ಈಜಿತು. ಆದರೆ ಕಡಲಿನ ಓರ್ಕಾಗಳ ಹಿಂಡಿಗೆ ಸೇರಿಕೊಳ್ಳದೆ ಮತ್ತೆ ಮನುಷ್ಯರನ್ನೇ ಹುಡುಕಿಕೊಂಡು ಬಂತು, ಮರುವರ್ಷ ತೀರಿಕೊಂಡಿತು. ಹಲ್ಲಿಲ್ಲದ ಕರಡಿಯನ್ನೂ ಕಾಡಿಗೆ ಬಿಡಲಾಗದು. ಆದ್ದರಿಂದ ಹೊಸದನ್ನು ಹಿಡಿಯಬಾರದು, ಸೆರೆಯಲ್ಲಿ ಸಂತಾನ ಬೆಳೆಸಬಾರದು, ಇರುವುದನ್ನು ಆಟಕ್ಕೆ ದೂಡದೆ ಕೊನೆಯವರೆಗೆ ಚೆನ್ನಾಗಿ ನೋಡಿಕೊಳ್ಳಬೇಕು. ನ್ಯಾಯದ ದಾರಿ ಇದು.

ಪ್ರಾಣಿಯನ್ನು ನೋಡುವ ಆಸೆ ತಪ್ಪಲ್ಲ. ನೋಡುವ ರೀತಿ ಬೇರೆಯಿರಬೇಕು. ನಮ್ಮದೇ ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ, 2016ರಲ್ಲಿ ಘೋಷಣೆಯಾಯಿತು. ಇಳಕಲ್‌ನಿಂದ ಕುಷ್ಟಗಿ ದಾಟಿ ಹೊಸಪೇಟೆ ಹಾದಿ ಹಿಡಿದರೆ ಮುಂದೆ ದರೋಜಿ ಕರಡಿಧಾಮ ಸಿಗುತ್ತದೆ. ಅಲ್ಲಿ ಕರಡಿ ಬಂದರೆ ಬಂತು, ಬಾರದಿದ್ದರೆ ಇಲ್ಲ. ಬರದೇ ಇರುವ ಹಕ್ಕು ಅದಕ್ಕಿದೆ.

ಇನ್ನು ಮುಂದೆ ಯಾವುದೇ ಪ್ರಾಣಿಯ ಆಟಕ್ಕೆ ಟಿಕೆಟ್ ತೆಗೆಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ನಾವ್ಯಾರೂ ನೋಡದಿದ್ದರೆ ಈ ಪ್ರಾಣಿ ಹೀಗೆ ಮಾಡುತ್ತಿತ್ತೇ? ನಾವ್ಯಾರೂ ದುಡ್ಡು ಕೊಡದಿದ್ದರೆ ಇದು ಇಲ್ಲಿ ಇರುತ್ತಿತ್ತೇ? ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ, ಹಗ್ಗದ ಒಂದು ತುದಿ ನಮ್ಮ ಕೈಯಲ್ಲೇ ಇದೆ. ಅದನ್ನು ಬಿಡಲು ಯಾವ ಕಾಯ್ದೆಗೂ ಕಾಯಬೇಕಾಗಿಲ್ಲ.