ಮಾಸಾಶನ ನಿಂತಾಗ ಕಾಗದ ಬಿಚ್ಚಿ ಓದೋಣ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)

ನಮ್ಮ ಸ್ಕಾಲರ್‌ಶಿಪ್ ಎರಡು ತಿಂಗಳು ತಡವಾದರೆ ನಾವು ಸುಮ್ಮನೆ ಕೂರೋದಿಲ್ಲ. ವಾರ್ಡನ್ ಹತ್ತಿರ ಹೋಗ್ತೇವೆ, ಆಫೀಸಿಗೆ ಹೋಗ್ತೇವೆ, ಯಾಕೆ ಅಂತ ಕೇಳ್ತೇವೆ. ನಮ್ಮ ಕೇರಿಯ ನಡೆಯಲಾರದ ಮಗುವಿನ ಮಾಸಾಶನ ನಿಂತರೆ ಅದರ ತಾಯಿ ಯಾರನ್ನು ಕೇಳಬೇಕು?

ಹಬ್ಬಕ್ಕೆ ಊರಿಗೆ ಹೋದಾಗ ಅಂಥ ತಾಯಿಯೊಬ್ಬಳು ಸೆರಗಿನಲ್ಲಿ ಸುತ್ತಿಟ್ಟ ಕಾಗದ ತಂದಳು. "ದುಡ್ಡು ಬರ್ತಾ ಇಲ್ಲ. ನೀವು ಓದಿದೋರು, ನೋಡ್ರಪ್ಪ" ಅಂದಳು. ನಾವು ಕಾಗದ ಬಿಚ್ಚಲೇ ಇಲ್ಲ. "ಮೆಂಬರನ್ನ ಕೇಳಮ್ಮ" ಅಂದುಬಿಟ್ಟೆವು. ನಾಲ್ಕು ತಿಂಗಳಾದ ಮೇಲೆ ಓದಿದೆವು. ಹಿಂದೆ ಶೇಕಡ 45 ಅಂತ ಇದ್ದ ಅಂಗವಿಕಲತೆಯನ್ನು ಮರುಪರೀಕ್ಷೆಯಲ್ಲಿ 38 ಅಂತ ಬರೆದಿದ್ದರು. ಮೇಲ್ಮನವಿ ಹಾಕುವ 90 ದಿನದ ಗಡುವು ಆಗಲೇ ದಾಟಿಹೋಗಿತ್ತು. ಈ ತಪ್ಪು ನಮ್ಮದು.

ಆದ್ದರಿಂದ ಇದನ್ನು ತಿಳಿದುಕೊಳ್ಳೋಣ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆಗಳಿದ್ದವು. 2016ರ ಹಕ್ಕುಗಳ ಕಾಯ್ದೆಯಲ್ಲಿ 21 ಇವೆ. ಶೇಕಡ 40 ಅನ್ನೋದು ಗೆರೆ. ಅದರ ಕೆಳಗೆ ಬಂದರೆ ಮಾಸಾಶನ ಇಲ್ಲ. ಮಗುವಿನ ಸ್ಥಿತಿ ಮುಂದೆ ಬದಲಾಗಬಹುದು ಅನ್ನಿಸಿದರೆ ಪ್ರಮಾಣಪತ್ರಕ್ಕೆ ಅವಧಿ ಹಾಕಿ ಕೊಡ್ತಾರೆ. ಅವಧಿ ಮುಗಿದರೆ ಮತ್ತೆ ಪರೀಕ್ಷೆ. 45 ಹೋಗಿ 38 ಆದರೆ ಮಗು ಎದ್ದು ಓಡಾಡಿತು ಅಂತ ಅರ್ಥವಲ್ಲ. ತಾಯಿ ಅದನ್ನು ಮೊದಲಿನ ಹಾಗೇ ಎತ್ತಿಕೊಂಡು ಶಾಲೆಗೆ ಹೋಗಬೇಕು.

ಹಾಗಾದರೆ ಕಾಗದದಲ್ಲಿ ಏನು ನೋಡಬೇಕು? ಅವಧಿ ಮುಗಿದಿದೆಯಾ? ಶೇಕಡ ಇಳಿದಿದೆಯಾ? ಎರಡೂ ಸರಿಯಿದ್ದರೆ ಬ್ಯಾಂಕ್ ಖಾತೆ, ಆಧಾರ್ ತಾಳೆಯಾಗಿದೆಯಾ?

ಪ್ರಮಾಣಪತ್ರ ಕೊಡೋದಿಲ್ಲ ಅಂದರೆ ಕಾರಣ ಬರೆದು ಕೊಡಬೇಕು. ಬಾಯಿಮಾತು ಸಾಲದು. ಕೊಟ್ಟ ಶೇಕಡ ಒಪ್ಪಿಗೆಯಿಲ್ಲದಿದ್ದರೆ 90 ದಿನದೊಳಗೆ ಮೇಲ್ಮನವಿ ಹಾಕಬಹುದು ಅಂತ ರಾಜ್ಯದ ನಿಯಮ ಹೇಳುತ್ತದೆ. ಮಗುವಿನ ಪರವಾಗಿ ಪೋಷಕರು ಹಾಕಬಹುದು. ಅವರ ಮಾತು ಕೇಳದೆ ತೀರ್ಪು ಕೊಡುವ ಹಾಗಿಲ್ಲ. ಮಾಸಾಶನ ಯಾಕೆ ನಿಂತಿತು ಅನ್ನೋ ಕಡತ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ಇದು ಯಾರೋ ಕೊಡುವ ಭಿಕ್ಷೆಯಲ್ಲ. ಅಂಗವಿಕಲರಿಗೆ ಕೊಡುವ ನೆರವು, ಬೇರೆಯವರಿಗಿರುವ ಅಂಥದ್ದೇ ಯೋಜನೆಗಿಂತ ಕನಿಷ್ಠ ಶೇಕಡ 25 ಹೆಚ್ಚಿರಬೇಕು ಅಂತ 2016ರ ಕಾಯ್ದೆಯ 24ನೇ ಕಲಮೇ ಹೇಳುತ್ತದೆ.

ಆ ತಾಯಿ ಈಗ ಮತ್ತೆ ಮೊದಲಿಂದ ಆಸ್ಪತ್ರೆಗೆ ಅಲೆಯುತ್ತಿದ್ದಾಳೆ. ಜೊತೆಗೆ ನಮ್ಮಲ್ಲಿ ಒಬ್ಬರು ಹೋಗ್ತಿದ್ದೇವೆ.

ಗೆಳೆಯರೇ, ಮುಂದಿನ ರಜಕ್ಕೆ ಊರಿಗೆ ಹೋಗುವಾಗ ಒಂದು ಪೆನ್ನು, ನಾಲ್ಕು ಬಿಳಿ ಹಾಳೆ ಜೇಬಿನಲ್ಲಿರಲಿ. ಯಾರಾದರೂ ಕಾಗದ ತಂದರೆ ಮೊದಲು ಅದರ ಮೇಲಿನ ತಾರೀಖು ನೋಡಿ. ಅಲ್ಲಿಂದ ದಿನ ಎಣಿಸಿ. ಅರ್ಜಿ ಅವತ್ತೇ ಬರೆಯಿರಿ.